ಹಿತ್ತಿಲ ಬಾಗಿಲ ಕಾಫಿ ಅಂಗಡಿ

ಹುಳಿಮಾವಿನ ಹಳೇ ಊರಿನಲ್ಲಿ ನಮ್ಮ ಮನೆಯ ಮುಂಬಾಗಿಲಿಗೆ ಯಾವ ಗಿರಾಕಿಯೂ ಬರುವ ಹಾಗಿಲ್ಲ. ಎದುರಿಗೆ ಪಿಜಿ ಎದ್ದಿದೆ. ಬೀದಿಯ ತುಂಬ ಬೈಕುಗಳು, ಒಂದು ಆಟೋ ಬಂದರೆ ಇನ್ನೊಂದು ರಿವರ್ಸ್ ಹೋಗಬೇಕು. ಕೆರೆ ಇರುವುದು ನಮ್ಮ ಹಿತ್ತಿಲ ಕಡೆ. ಸಂಜೆಯಾದರೆ ಅಪಾರ್ಟ್‌ಮೆಂಟಿನವರೆಲ್ಲ ಶೂ ಹಾಕಿಕೊಂಡು, ಕೈ ಬೀಸಿಕೊಂಡು ಅಲ್ಲಿ ನಡೆಯುತ್ತಾರೆ.

ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರನ ಬೈಗುಳ ತಿಂದು ತಿಂದು ನನಗೆ ಸಾಕಾಗಿತ್ತು. ಒಂದು ದಿನ ಎದುರು ಮಾತಾಡಿ ಕೆಲಸ ಬಿಟ್ಟು ಬಂದೆ. ಅಡುಗೆಮನೆಯ ಹಿತ್ತಿಲ ಬಾಗಿಲಿಗೆ ಒಂದು ಟೇಬಲ್ ಅಡ್ಡ ಹಾಕಿ ಕಾಫಿ, ಮಸಾಲೆ ವಡೆ ಮಾರುತ್ತೇನೆ ಎಂದೆ. "ಮಾಡು, ನೋಡೋಣ. ನಡೀಲಿಲ್ಲ ಅಂದ್ರೆ ವಾಪಸ್ ಕೆಲ್ಸಕ್ಕೆ ಹೋಗ್ತೀಯಂತೆ" ಎಂದರು ನನ್ನ ಗಂಡ. ಆ ಫ್ಯಾಕ್ಟರಿ ಗೇಟನ್ನು ಇನ್ನೊಮ್ಮೆ ದಾಟುವುದು ನನ್ನಿಂದಾಗದ ಮಾತಾಗಿತ್ತು.

ಅಂಗಡಿಗೆ ಅಡ್ಡ ಬಂದವರು ನಮ್ಮತ್ತೆ. ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆಗೆದಿರಬೇಕು, ಹಿತ್ತಿಲ ಬಾಗಿಲು ಹಾಕಿರಬೇಕು. ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೋಗಿಬಿಡುತ್ತಾಳೆ ಎಂದು ಅವರ ಕಾಲದಿಂದಲೂ ನಡೆದು ಬಂದದ್ದು. ಕೆರೆ ಕಡೆ ನಡೆಯುವವರಿಗೆ ಹಸಿವಾಗುವುದೂ ಅದೇ ಹೊತ್ತಿಗೆ. ಮೊದಲ ಸಂಜೆಯೇ ನಾನು ಬಾಣಲೆಯ ಕಡೆ ತಿರುಗಿದ್ದಾಗ ಅತ್ತೆ ಬಂದು ಟೇಬಲ್ ಸರಿಸಿ ಬಾಗಿಲು ಹಾಕಿಬಿಟ್ಟರು. ಹೊರಗಿನಿಂದ ಯಾರೋ ಮೆಲ್ಲಗೆ ತಟ್ಟಿದರು.

"ಆಂಟಿ, ನನ್ ವಡೆ ಒಳಗೇ ಉಳ್ಕೊಂಡ್ಬಿಡ್ತು."

ನನಗೆ ಮೈಯೆಲ್ಲ ಉರಿಯಿತು. "ಅತ್ತೆ, ಇದು ಅಂಗಡಿ. ಹಿಂಗೆ ಬಾಗ್ಲು ಹಾಕಿದ್ರೆ ಯಾರು ಬರ್ತಾರೆ?"

"ಅಂಗಡಿ ನಿಂದು ಕಣಮ್ಮ. ಬಾಗ್ಲು ಮನೇದು" ಎಂದು ಅವರು ದೇವರ ಮುಂದೆ ಹೋಗಿ ಕೂತರು.

ದಿನಾ ಇದೇ ರಾಮಾಯಣ. ಬೇಗ ತೆರೆಯೋಣವೆಂದರೆ ಬಿಸಿಲಲ್ಲಿ ಕೆರೆ ಕಡೆ ನಾಯಿಯೂ ಸುಳಿಯುವುದಿಲ್ಲ. ಉಳಿದ ವಡೆಯನ್ನು ನಾವೇ ತಿಂದು ತಿಂದು ನನ್ನ ಗಂಡನಿಗೆ ಕಡಲೆಬೇಳೆ ಕಂಡರೆ ಆಗದಂತಾಯಿತು. ಕಡೆಗೊಂದು ರಾತ್ರಿ ಊಟಕ್ಕೆ ಬಡಿಸುತ್ತಾ, "ನಾಳಿದ್ದು ಫ್ಯಾಕ್ಟರೀಲಿ ಕೇಳ್ಕೊಂಡ್ ಬರ್ತೀನಿ" ಎಂದೆ. ಅತ್ತೆ ತಟ್ಟೆಯಿಂದ ತಲೆ ಎತ್ತಿ ನನ್ನನ್ನೊಮ್ಮೆ ನೋಡಿದರು.

ಬೆಳಿಗ್ಗೆ ಪೊರಕೆಯ ಸದ್ದಿಗೆ ಎಚ್ಚರವಾಯಿತು. ಅತ್ತೆ ಹಿತ್ತಿಲು ಗುಡಿಸಿ, ನೀರು ಹಾಕಿ, ಸೊಂಟ ಹಿಡಿದುಕೊಂಡು ರಂಗೋಲಿ ಬಿಡುತ್ತಿದ್ದರು. ಹಿತ್ತಿಲ ಹೊಸಿಲಿಗೆ ಆಗಲೇ ಅರಿಶಿನ ಕುಂಕುಮ ಬಿದ್ದಿತ್ತು. ಮೇಲೆ ಮಾವಿನ ತೋರಣ.

"ಇನ್ಮೇಲೆ ಇದೇ ನಮ್ ಮುಂಬಾಗ್ಲು" ಎಂದರು. "ದೀಪ ಹಚ್ಚೋ ಹೊತ್ನಲ್ಲಿ ತೆಗ್ದೇ ಇರ್ಲಿ."

"ಲಕ್ಷ್ಮಿಗೆ ಗೊತ್ತಾಗುತ್ತಾ ಅತ್ತೆ?" ನನಗೆ ಕೀಟಲೆ ಮಾಡದೆ ಇರಲಾಗಲಿಲ್ಲ.

"ಅವಳೂ ಹೆಣ್ಣೇ ಅಲ್ವಾ? ಹೇಳಿದ್ರೆ ಅರ್ಥ ಮಾಡ್ಕೋತಾಳೆ."

ಆವತ್ತು ಸಂಜೆ ಬಾಣಲೆಗೆ ಪುರುಸೊತ್ತಿರಲಿಲ್ಲ. ಮೊದಲ ಸಂಜೆ ವಡೆ ಸಿಗದೆ ಬಾಗಿಲು ತಟ್ಟಿದವರೂ ಬಂದು ಎರಡು ತಿಂದರು. ದೀಪ ಹಚ್ಚಿ ಬಂದ ಅತ್ತೆ ನನ್ನ ಬಾಗಿಲ ಕಡೆ ನೋಡಲೂ ಇಲ್ಲ, ನೇರವಾಗಿ ಬೀದಿ ಬಾಗಿಲಿಗೆ ಹೋದರು. ಇದು ಮುಂಬಾಗಿಲಾದರೆ ಅದು ಹಿಂಬಾಗಿಲಾಗುತ್ತದೆ ಎಂಬುದು ನನಗೆ ಆಗ ಹೊಳೆಯಿತು. ಅಕ್ಕಿ ತುಂಬಿದ ಸೇರನ್ನು ಬಲಗಾಲಲ್ಲಿ ಒದ್ದು ಅವರು ಮದುವಣಗಿತ್ತಿಯಾಗಿ ಒಳಗೆ ಬಂದ ಬಾಗಿಲು ಅದು. ಮಾವನವರನ್ನು ಎತ್ತಿಕೊಂಡು ಹೋದದ್ದೂ ಅಲ್ಲಿಂದಲೇ. ಮುಸ್ಸಂಜೆಯಲ್ಲಿ ಅದನ್ನು ಹಾಕಿದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ.

ಅತ್ತೆ ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಕದ ಮುಂದಕ್ಕೆ ತಳ್ಳಿದರು. ನಾನು ಸೌಟು ಬಿಟ್ಟು ಓಡಿದೆ. ಅವರ ಮೇಲಿದ್ದ ಕೋಪವೆಲ್ಲ ಎಲ್ಲಿ ಹೋಯಿತೋ, ಕದಕ್ಕೆ ಕೈ ಅಡ್ಡ ಇಟ್ಟೆ.

"ಬಿಡಿ ಅತ್ತೆ, ಇದೂ ತೆಗ್ದಿರ್ಲಿ."

"ಎರಡೂ ತೆಗ್ದಿಟ್ರೆ ಮನೆಗ್ ಬಂದೋಳು ನಿಲ್ಲಲ್ಲ ಕಣಮ್ಮ" ಎಂದರು. "ಈ ಚಿಲ್ಕ ಬಿಗಿ, ಒಂಚೂರು ಕೈ ಹಾಕು."

ಇಬ್ಬರೂ ಸೇರಿ ಚಿಲಕ ಹಾಕಿದೆವು.