ಧೂಳು ಎಣಿಸಿದ ಆಚಾರ್ ಸರ್

ಆಚಾರ್ ಸರ್ ಕ್ಲಾಸಿಗೆ ಬಂದವರೇ ಮುಂದಿನ ಬೆಂಚಿನ ಮೇಲೆ ತೋರುಬೆರಳು ಎಳೆದು, ಆ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹಾಜರಿ ಆಮೇಲೆ. ಒಮ್ಮೆ ಬೆರಳು ನನ್ನ ನೋಟ್‌ಬುಕ್ಕಿಗೆ ಬಂತು. "ನಾಗಮ್ಮ, ನಿನ್ನ ಬುಕ್ಕಿನ್ಯಾಗ ಅಕ್ಷರಕ್ಕಿಂತ ಧೂಳೇ ಭಾಳ ಅದ. ಅದನ್ನರ ಓದು, ಪಾಸಾಗ್ತಿ." ಇಡೀ ಒಂಬತ್ತನೇ ಕ್ಲಾಸು ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಅವರು ಸೇಡಂನಿಂದ ದಿನಾ ಬಸ್ಸಿಗೆ ನಮ್ಮೂರಿಗೆ ಬರುತ್ತಿದ್ದ ವಿಜ್ಞಾನದ ಮಾಸ್ತರರು. ಮಡಿವಂತರು. ನಮ್ಮ ಮನೆಗಳಲ್ಲಿ ನೀರು ಮುಟ್ಟುತ್ತಿರಲಿಲ್ಲ, ಮಾಳಿಗೆ ಮಾತ್ರ ಧೋತರ ಎತ್ತಿಕಟ್ಟಿ ಹತ್ತುತ್ತಿದ್ದರು. ಗಾಜಿನ ತುಂಡಿಗೆ ತೆಳ್ಳಗೆ ವ್ಯಾಸಲೀನ್ ಸವರಿ ಮಾಳಿಗೆಯ ಮೇಲೆ ಒಂದು ದಿನ ಇಡಬೇಕು. ಮರುದಿನ ಅದರ ಕೆಳಗೆ ಗ್ರಾಫ್ ಹಾಳೆ ಇಟ್ಟು, ಭೂತಗನ್ನಡಿ ಹಿಡಿದು ಒಂದೊಂದು ಚೌಕದಲ್ಲಿ ಅಂಟಿದ ಕಣ ಎಣಿಸಬೇಕು. ಸಿಮೆಂಟ್ ಫ್ಯಾಕ್ಟರಿಯ ಮಗ್ಗುಲಿನ ಊರು ನಮ್ಮದು; ನಾವು ಉಸಿರಾಡುವುದನ್ನು ನಮ್ಮ ಕಣ್ಣಿಗೇ ತೋರಿಸಿದವರು ಅವರು. ಹಾಗೆ ಕಲಿಸುವವರು ನನಗೆ ಆಮೇಲೆ ಸಿಗಲಿಲ್ಲ.

ಬಸ್ಸಪ್ಪ ಎಂಬ ಹುಡುಗ ಒಮ್ಮೆ ಗಾಜು ಇಡದೆಯೇ ಅಂಕಿ ಬರೆದು ತಂದ. ಸರ್ ಬಯ್ಯಲಿಲ್ಲ. ಅವನ ಕೈಗೆ ಖಾಲಿ ಗಾಜು ಕೊಟ್ಟು, ಬರೆದಷ್ಟು ಕಣ ಕೂಡುವವರೆಗೆ ಬಿಸಿಲಲ್ಲಿ ನಿಲ್ಲಿಸಿದರು. "ನನಗ ಸುಳ್ಳು ಹೇಳಿದ್ರ ಮಾಫಿ ಅದ. ಗಾಜಿಗಿ ಸುಳ್ಳು ಹೇಳಿದ್ರ ಇಲ್ಲ." ಸಂಜೆ ಗಂಟೆ ಹೊಡೆಯುವಾಗ ಅವನ ತುಟಿ ಒಡೆದಿತ್ತು. ಅಂಥ ಸರ್ ನಮಗಿದ್ದಾರೆಂದು ನನಗೆ ಹೆಮ್ಮೆಯಾಯಿತು.

ತಾಲೂಕಿನ ವಿಜ್ಞಾನ ಪ್ರದರ್ಶನಕ್ಕೆ ಎಲ್ಲರ ಎಣಿಕೆಯ ಪಟ್ಟಿ ಇರುವ ದೊಡ್ಡ ತಖ್ತೆ ಬರೆಯುವ ಕೆಲಸ ನನಗೆ ಬಂತು. ಸಾಲಿಯ ರೂಢಿಯಂತೆ ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಆಮೇಲೆ ಕಣಗಳ ಎಣಿಕೆ.

"ಸರ್, ಅಪ್ಪನ ಹೆಸರು ಬ್ಯಾಡ್ರಿ. ಅಪ್ಪ ಫ್ಯಾಕ್ಟರಿ ಪ್ಯಾಕಿಂಗ್‌ನ್ಯಾಗ ದುಡಿತಾನ್ರಿ."

"ಹೆಸರಿಲ್ಲದ ಅಳತಿ ಬೇವಾರ್ಸಿ ಅಳತಿ. ಬರಿ."

ದುಂಡಗೆ ಬರೆದೆ. ಎಲ್ಲರಿಗಿಂತ ಹೆಚ್ಚು ಎಣಿಕೆ ನಮ್ಮ ಮನೆಯದಾದ್ದರಿಂದ ಅಪ್ಪನ ಹೆಸರು ಮೊದಲ ಸಾಲಿನಲ್ಲೇ ನಿಂತಿತು. ಅತಿಥಿಯಾಗಿ ಬಂದಿದ್ದ ಫ್ಯಾಕ್ಟರಿ ಸಾಹೇಬರು ನನ್ನ ಅಕ್ಷರ ಹೊಗಳಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು.

ಸೋಮವಾರ ಗುತ್ತಿಗೆದಾರ ಅಪ್ಪನ ಗೇಟ್ ಪಾಸ್ ಕಸಿದುಕೊಂಡ. "ಮಗಳು ಭಾಳ ಶಾಣ್ಯಾಕಿ ಇದ್ದಾಳಂತಲ್ಲ ಮರೆಪ್ಪ, ಅಕಿನೇ ದುಡದು ಹಾಕ್ತಾಳ ಬಿಡು" ಎಂದನಂತೆ. ಎಣಿಕೆ ತಪ್ಪು ಎಂದು ಸಾಲಿಯಿಂದ ಬರೆಸಿ ತಂದರೆ ಮಾತ್ರ ಪಾಸ್ ವಾಪಸ್. ಅಪ್ಪ ನನ್ನನ್ನು ಕರೆದುಕೊಂಡು ಸರ್ ಮುಂದೆ ಹೋಗಿ ನಿಂತ.

"ಆಚಾರ್ರ, ನಿಮ್ಮ ಕಾಲು ಬೀಳ್ತೀನ್ರಿ. ತಪ್ಪಾಗ್ಯದ ಅಂತ ಒಂದ್ ಸಾಲು ಬರದು ಕೊಡ್ರಿ."

"ನಾ ತಪ್ಪು ಕಂಡಿಲ್ಲ ಮರೆಪ್ಪ. ಕಾಣದ್ದು ಬರೀಲಿಕ್ಕಿ ನನಗ ಬರಂಗಿಲ್ಲ."

ಅಪ್ಪ ನಿಜವಾಗಿಯೂ ಬಗ್ಗಿದ. ಸರ್ ಕಾಲು ಹಿಂದಕ್ಕೆ ಎಳೆದುಕೊಂಡು ನನ್ನ ಕಡೆ ತಿರುಗಿದರು. "ಎಣಿಸಿದಾಕಿ ನೀನು. ನೀನೇ ಹೇಳು, ಎಣಿಕಿ ತಪ್ಪಾಗ್ಯದೇನು?"

ಆ ಚೌಕಗಳನ್ನು ನಾನು ಮೂರು ಸಲ ಎಣಿಸಿದ್ದೆ. ಅಪ್ಪ ಇನ್ನೂ ಬಗ್ಗಿಯೇ ಇದ್ದ.

"ಹೌದ್ರಿ ಸರ್. ಮನಸ್ಸಿಗಿ ಬಂದಂಗ ಬರದೀನ್ರಿ."

'ವಿದ್ಯಾರ್ಥಿನಿಯ ಹೇಳಿಕೆಯಂತೆ ಎಣಿಕೆ ತಪ್ಪಾಗಿದೆ' ಎಂದು ಅವರು ಬರೆದರು. ಕೆಳಗೆ ನನ್ನಿಂದಲೂ ಸಹಿ ಹಾಕಿಸಿದರು.

ಪಾಸ್ ಬಂತು. ಸರ್ ಮಾತ್ರ ಹತ್ತನೇ ಕ್ಲಾಸು ಮುಗಿಯುವವರೆಗೆ ನನ್ನ ಹೆಸರು ಹಿಡಿದು ಕರೆಯಲಿಲ್ಲ. ನಾನು ಕೈ ಎತ್ತಿದರೆ ಕಿಟಕಿ ನೋಡುತ್ತಿದ್ದರು. ಧೂಳು ಬಿಟ್ಟು ಮಳೆ ಅಳೆಯುವ ಹೊಸ ಗುಂಪು ಕಟ್ಟಿದರು. ಅದರಲ್ಲಿ ಬಸ್ಸಪ್ಪನಿಗೂ ಜಾಗ ಸಿಕ್ಕಿತು, ನನಗಿಲ್ಲ. ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಟಕ್ಕೆ ಬಿದ್ದು ವಿಜ್ಞಾನ ಓದಿದೆ. ಈಗ ಚಿಂಚೋಳಿ ಕಡೆಯ ಹೈಸ್ಕೂಲೊಂದರಲ್ಲಿ ಅದನ್ನೇ ಕಲಿಸುತ್ತೇನೆ.

ಹೋದ ವರ್ಷ ವಾಡಿ ಸ್ಟೇಷನ್ನಿನಲ್ಲಿ ಸಿಕ್ಕರು. ಮೈ ಇಳಿದಿತ್ತು. ಪಕ್ಕದಲ್ಲಿ ಕುಳಿತು, ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಹೇಳಿಬಿಟ್ಟೆ. "ಸರ್, ಅವತ್ತು ನಾ ಸುಳ್ಳು ಹೇಳಿದ್ದೆರಿ. ಎಣಿಕಿ ಸರಿ ಇತ್ತು."

"ಗೊತ್ತದ. ನಾನೂ ಎಣಿಸಿದ್ದೆ" ಎಂದರು. "ನಿಮ್ಮಪ್ಪಗ ಪಾಸ್ ಸಿಗಬೇಕಿತ್ತು. ನನ್ನ ಬಾಯಿಲೆ ಸುಳ್ಳು ಬರ್ತಿರಲಿಲ್ಲ. ನೀ ಹೇಳ್ತಿ ಅಂತ ಗೊತ್ತಿತ್ತು, ಅದಕ್ಕ ನಿನಗ ಕೇಳ್ದೆ."

"ಮತ್ತ ನನ್ನ ಜೋಡಿ ಮಾತು ಯಾಕ ಬಿಟ್ರಿ ಸರ್?"

ಇಷ್ಟೂ ತಿಳಿಯದೇ ಎಂಬಂತೆ ನೋಡಿದರು. "ನೀ ಸುಳ್ಳು ಹೇಳಿದ್ದಿಯಲ್ಲ?"

ಗಾಡಿ ಬಂತು. ಅವರ ಚೀಲ ಎತ್ತಿ ಕೊಟ್ಟೆ.

ಈ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಸೇಡಂಗೆ ಹೋಗಲಿಲ್ಲ. ಅಪ್ಪ ಒಬ್ಬನೇ ಬಸ್ಸು ಹತ್ತಿ ಹೋಗಿ, ಕೈಮುಗಿದು ಬಂದ. "ನಮ್ಮ ಅನ್ನ ಉಳಿಸಿದ ಪುಣ್ಯಾತ್ಮ ನೋಡವ್ವ. ನೀ ತಪ್ಪು ಮಾಡಿದ್ರೂ ಸಿಟ್ಟು ಮಾಡ್ಲಿಲ್ಲ" ಎಂದ. ನಾನು ಅವನ ತಾಟಿಗೆ ರೊಟ್ಟಿ ಹಾಕಿದೆ.