ಮಿರ್ದಿಫ್‌ನ ಚೌಕಿಯಲ್ಲಿ ಶೀನಪ್ಪ ಹಚ್ಚಿದ ಬಣ್ಣ

ಶುಕ್ರವಾರದ ನಸುಕು. ವಾರದ ರಜೆಯ ದಿನವಾದ್ದರಿಂದ ದುಬೈ ಇನ್ನೂ ಹೊದ್ದು ಮಲಗಿದೆ. ಅಲ್ ನಹ್ದಾದ ಶಾಲೆಯೊಂದರ ಸಭಾಂಗಣದ ಹಿಂದಿನ ಕೋಣೆಯಲ್ಲಿ ಮಾತ್ರ ಲೈಟು ಉರಿಯುತ್ತಿದೆ. ನೆಲಕ್ಕೆ ಹಳೆಯ ಬೆಡ್‌ಶೀಟ್ ಹಾಸಿ, ಚಕ್ಕಳಮಕ್ಕಳ ಹಾಕಿ ಕೂತ ಶೀನಪ್ಪ ತೆಂಗಿನೆಣ್ಣೆಯಲ್ಲಿ ಬಣ್ಣದ ಪುಡಿ ಕಲಸುತ್ತಿದ್ದಾರೆ. ಕರಾವಳಿಯವರ ಸಂಘವೊಂದರ ವಾರ್ಷಿಕೋತ್ಸವ ಇವತ್ತು. ಮಕ್ಕಳ ಯಕ್ಷಗಾನಕ್ಕೆ ವೇಷ ಮಾಡುವವರು ಇವರು.

ಮೊದಲು ಬಂದದ್ದು ಸೀತೆ. ಏಳೆಂಟು ವರ್ಷದ ಹುಡುಗಿ, ಕಪ್ಪು ಮೈಬಣ್ಣ, ಕಣ್ಣಲ್ಲಿ ಇನ್ನೂ ನಿದ್ದೆ. ಶೀನಪ್ಪ ಅವಳ ಕೈ ಹಿಡಿದು, ಮುಂಗೈಯ ಬಣ್ಣ ನೋಡಿ, ಅದಕ್ಕೆ ಹೊಂದುವ ಹಾಗೆ ಕಲಸುತ್ತಾರೆ. ಜೊತೆಗಿದ್ದ ತಾಯಿಗೆ ತಡೆಯುವುದಿಲ್ಲ. ಅಣ್ಣ, ಸ್ವಲ್ಪ ಬೆಳ್ಳಗೆ ಮಾಡಿ, ಫೋಟೋ ತೆಗೆಯಲಿಕ್ಕುಂಟು ಎನ್ನುತ್ತಾರೆ. ಶೀನಪ್ಪ ತಲೆ ಎತ್ತದೆ, "ಸೀತೆ ಹೀಗೇ ಇದ್ದದ್ದು ಅಕ್ಕ" ಎಂದು ಕೆಲಸ ಮುಂದುವರಿಸುತ್ತಾರೆ. ಆ ತಾಯಿ ಸೀದಾ ಕಮಿಟಿಯವರನ್ನು ಹುಡುಕಿಕೊಂಡು ಹೋಗುತ್ತಾರೆ.

ಇದು ಈಗ ಮಾಮೂಲು. ಒಂದು ಕಾಲದಲ್ಲಿ ಅಬುಧಾಬಿಯಿಂದ, ಅಷ್ಟು ದೂರದ ರುವೈಸ್‌ನಿಂದಲೂ ಕಾರು ಕಳಿಸಿ ಇವರನ್ನು ಕರೆಸಿಕೊಳ್ಳುತ್ತಿದ್ದರಂತೆ. ಈಗ ಅನೇಕ ಸಂಘಗಳು ಬ್ಯೂಟಿ ಪಾರ್ಲರಿನವರನ್ನು ಹಿಡಿದಿವೆ. ನಮ್ಮಲ್ಲಿ ವೇದಿಕೆಯ ಮೇಲೆ ಶಾಲು ಹೊದೆಸಿಕೊಳ್ಳುವವರಿಗೇನೂ ಕೊರತೆಯಿಲ್ಲ. ಒಬ್ಬರಿಗೊಬ್ಬರು ಹೊದೆಸಿ ಮುಗಿಯುವಷ್ಟರಲ್ಲಿ ಮಕ್ಕಳ ಬಣ್ಣ ಬೆವರಲ್ಲಿ ಇಳಿದಿರುತ್ತದೆ. ಅಂಥ ಒಂದು ಶಾಲೂ ಶೀನಪ್ಪನ ಹೆಗಲಿಗೆ ಬಿದ್ದದ್ದನ್ನು ನಾನಂತೂ ನೋಡಿಲ್ಲ. ನನಗೆ ಅದರ ಸಿಟ್ಟಿದೆ, ಅವರಿಗಿಲ್ಲ. "ಶಾಲು ಹಾಕಿಸಿಕೊಳ್ಳುವ ಕೆಲಸ ನಾನು ಮಾಡ್ಲಿಲ್ಲ ಮಾರಾಯ್ರೆ. ಒಂದು ಕೆಲಸ ಹಾಳು ಮಾಡಿದ್ದೇನೆ, ಅದನ್ನು ಸರಿ ಮಾಡ್ಲಿಕ್ಕೆ ಆಗ್ತದಾ ಅಂತ ನೋಡ್ತಾ ಇದ್ದೇನೆ" ಎನ್ನುತ್ತಾರೆ.

ಶೀನಪ್ಪ ಕಾರ್ಕಳದ ಕಡೆಯವರು. ಹುಡುಗನಾಗಿದ್ದಾಗಲೇ ಮೇಳ ಸೇರಿದವರು. ಕೃಷ್ಣನ ವೇಷ ಕಟ್ಟುವ ಆಸೆ ಇತ್ತು. ಕಪ್ಪಗಿದ್ದಾನೆ ಎಂದು ಕಿರಾತನ ವೇಷವನ್ನೋ ರಕ್ಕಸನ ಹಿಂದೆ ಬರುವ ಬಲದವನ ವೇಷವನ್ನೋ ಕೊಟ್ಟರು. ಕೃಷ್ಣನೂ ಕಪ್ಪಲ್ಲವಾ ಎಂದು ಕೇಳುವ ಧೈರ್ಯ ಆಗ ಇರಲಿಲ್ಲ. ರಂಗದಿಂದ ಹಿಂದೆ ಸರಿದು, ವೇಷ ಕಟ್ಟಿಕೊಳ್ಳುವ ಚೌಕಿಯಲ್ಲೇ ಉಳಿದು, ಬಣ್ಣದ ಕೆಲಸ ಕಲಿತರು. ದುಬೈಗೆ ಬಂದ ಮೇಲೆ ಹೊಟ್ಟೆಪಾಡಿಗೆ ಅಲ್ ಕೂಝ್‌ನ ಗ್ಯಾರೇಜಿನಲ್ಲಿ ಕಾರುಗಳಿಗೆ ಪೇಂಟ್ ಹೊಡೆಯುತ್ತಾರೆ, ರಜೆಯ ದಿನ ಮುಖಗಳಿಗೆ. ಹೆಂಡತಿ ಜಲಜಾಕ್ಷಿ, ಮಗಳು ಅಶ್ಮಿತಾ ಕೆಲವು ವರ್ಷ ಅಲ್ ಖುಸೈಸ್‌ನ ಶೇರಿಂಗ್ ಫ್ಲಾಟಿನಲ್ಲಿ ಜೊತೆಗಿದ್ದರು. ಬಾಡಿಗೆ ಏರಿತು, ಅವರು ಊರಿಗೆ ಮರಳಿದರು, ಇವರು ಮುಹೈಸ್ನಾದ ಕಾರ್ಮಿಕರ ಕ್ಯಾಂಪಿಗೆ ಬಂದರು. ಅಲ್ಲಿ ಮಂಚದ ಕೆಳಗೆ ಚಪ್ಪಲಿಗೆ ಜಾಗವಿಲ್ಲ, ಪೂರ್ತಿ ಬಣ್ಣದ ಪೆಟ್ಟಿಗೆ.

ಹಾಳು ಮಾಡಿದೆ ಎಂದರಲ್ಲ, ಆ ಕೆಲಸ ನಾಲ್ಕು ವರ್ಷದ ಹಿಂದಿನದು. ಮಿರ್ದಿಫ್‌ನ ಒಂದು ಶಾಲೆಯ ವಾರ್ಷಿಕೋತ್ಸವ. ಕಾರ್ಯಕ್ರಮದ ಗುತ್ತಿಗೆ ಹಿಡಿದಿದ್ದ ಶಾಮಸುಂದರ ಎಂಬವರು ಫೋನ್ ಮಾಡಿದರು. ಅಮೆರಿಕದ ಕರಿಯರು ಹಕ್ಕುಗಳಿಗಾಗಿ ಹೋರಾಡಿದ ಕಥೆಯಂತೆ, ಹಾಡು ಹೇಳುತ್ತಾ ಮೆರವಣಿಗೆ ಬರುವ ಇಪ್ಪತ್ತು ಮಕ್ಕಳಂತೆ, ಎಲ್ಲರೂ ಕಪ್ಪಗೆ ಕಾಣಬೇಕಂತೆ. ಹಾಡು ಕಲಿಸಿದ್ದು ಶಾಲೆಯ ಸಂಗೀತದ ಟೀಚರು ಸುಸನ್. ಆಕೆ ಸ್ವತಃ ಅಮೆರಿಕದ ಕಪ್ಪು ಹೆಣ್ಣುಮಗಳು. ಬಣ್ಣ ಬೇಕೆಂದು ಆಕೆ ಕೇಳಿರಲೇ ಇಲ್ಲ. ಅದು ಶಾಮಸುಂದರರ ಸ್ವಂತ ಬುದ್ಧಿ.

ನಮ್ಮ ಚೌಕಿಯ ಲೆಕ್ಕದಲ್ಲಿ ಇದರಲ್ಲಿ ತಪ್ಪೇನೂ ಇಲ್ಲ. ಬಣ್ಣ ಹಚ್ಚಿದರೆ ತಾನೇ ಪಾತ್ರ? ಶೀನಪ್ಪ ಮಸಿ, ಎಣ್ಣೆ ಕಲಸಿ, ಕೇರಳದವರು, ಲೆಬನಾನಿನವರು, ಫಿಲಿಪೀನ್ಸಿನವರು ಎನ್ನದೆ ಸಾಲಾಗಿ ಎಲ್ಲ ಮಕ್ಕಳ ಮುಖಕ್ಕೂ ಬಳಿದರು. ತುಟಿ ಎದ್ದು ಕಾಣಲೆಂದು ಕೆಂಪು ಬರೆದರು. ಕೊನೆಗೆ ಬಂದವಳು ಸುಸನ್ ಅವರ ಮಗಳು ನಯೋಮಿ. ಮುಂದಿನದನ್ನು ಹೇಳುವಾಗ ಶೀನಪ್ಪನ ಕೈ ನಿಲ್ಲುತ್ತದೆ.

"ಆ ಮಗು ಎಂತದೋ ಹೇಳಿತು. ಲೈಟಿನ ಕೆಲಸದ ಅಬ್ಬಾಸ್, ನಮ್ಮ ಉಳ್ಳಾಲದ ಬ್ಯಾರಿ ಹುಡುಗ, ಅಲ್ಲೇ ಇದ್ದ. 'ತಾನು ಕಪ್ಪೇ ಅಲ್ವಾ ಅಂತ ಕೇಳ್ತಾಳೆ' ಅಂದ. ಲೈಟ್ ಬಿದ್ರೆ ಇದು ಸಾಕಾಗುದಿಲ್ಲ ಮಗಾ ಅಂತ ಹೇಳಿ, ನಾನು ಬೇರೆಯವರಿಗಿಂತ ಒಂದು ಕೈ ಜಾಸ್ತಿಯೇ ಹಚ್ಚಿದೆ. ಪಾಪ, ಕಣ್ಣು ಮುಚ್ಚಿ ಸುಮ್ಮನೆ ಕೂತಿತ್ತು."

ಸುಸನ್ ಬಂದು ಬಾಗಿಲಲ್ಲಿ ನಿಂತರು. ಒದ್ದೆ ಟಿಶ್ಯೂ ತೆಗೆದುಕೊಂಡು ಮಗಳ ಮುಖ ಒರೆಸತೊಡಗಿದರು. ಎಣ್ಣೆಬಣ್ಣ ನೀರಿಗೆ ಬಗ್ಗುತ್ತದೆಯೇ? ಇನ್ನಷ್ಟು ಹರಡಿತು. ಏನೋ ಎಡವಟ್ಟಾಗಿದೆ ಎಂದು ಶೀನಪ್ಪನಿಗೆ ಅರ್ಥವಾಯಿತು, ಏನೆಂದು ಆಗಲಿಲ್ಲ. ಅವರೂ ತೆಂಗಿನೆಣ್ಣೆ ಹಿಡಿದು ಆಕೆಯ ಪಕ್ಕ ಕೂತು ಒಂದೊಂದೇ ಮುಖ ಒರೆಸಿದರು. ಸುಸನ್ ಒರೆಸುತ್ತಲೇ ಮಾತಾಡಿದರು, ಅಬ್ಬಾಸ್ ತುಳುವಿನಲ್ಲಿ ತಿಳಿಸುತ್ತಾ ಹೋದ. ತನ್ನ ಊರು ಅಲಬಾಮದ ಮಾಂಟ್‌ಗೊಮರಿ ಎಂದರು. ಅಲ್ಲಿ ಬಸ್ಸಿನಲ್ಲಿ ಕಪ್ಪು ಜನ ಹಿಂದೆ ಕೂರಬೇಕಿತ್ತು, ಬಿಳಿಯರು ಬಂದರೆ ಎದ್ದು ಜಾಗ ಬಿಡಬೇಕಿತ್ತು. ಇನ್ನು ಆ ಬಸ್ಸು ಹತ್ತುವುದೇ ಇಲ್ಲವೆಂದು ಊರಿಗೆ ಊರೇ ವರ್ಷಕ್ಕೂ ಮಿಕ್ಕಿ ನಡೆಯಿತು. ತನ್ನ ಅಜ್ಜಿ ಬಿಳಿಯರ ಮನೆಗೆ ಬಟ್ಟೆ ಒಗೆಯಲು ನಡೆದೇ ಹೋಗುತ್ತಿದ್ದಳು, ಪುಟ್ಟ ಹುಡುಗಿಯಾಗಿದ್ದ ಅಮ್ಮ ಅವಳ ಬೆರಳು ಹಿಡಿದು ನಡೆದಳು. ಅದೇ ದೇಶದಲ್ಲಿ ಬಿಳಿಯರು ಹೀಗೇ ಮುಖಕ್ಕೆ ಮಸಿ ಬಳಿದು, ತುಟಿ ದೊಡ್ಡದಾಗಿ ಬರೆದು, ವೇದಿಕೆ ಹತ್ತಿ ತನ್ನ ಜನರನ್ನು ಆಡಿಕೊಂಡು ನಗುತ್ತಿದ್ದರು ಎಂದರು.

ಹಾಗೆ ಹೇಳುತ್ತಾ ಆಕೆಯ ಕಣ್ಣು ಬಣ್ಣದ ಪೆಟ್ಟಿಗೆಯ ಮೇಲೆ ಬಿತ್ತು. ಮಸಿಯ ಡಬ್ಬಿ ಅಂಗೈಯಷ್ಟು, ಬಿಳಿಯದ್ದು ಬಕೆಟಿನಷ್ಟು. ಇಷ್ಟೊಂದು ಬಿಳಿ ಯಾರಿಗೆ ಎಂದು ಕೇಳಿದರು.

"ದೇವರಿಗೆ, ರಾಣಿಯರಿಗೆ ಅಂದೆ. ಕಪ್ಪು ಯಾರಿಗೆ ಅಂತ ಕೇಳಿದ್ರು. ರಾಕ್ಷಸರಿಗೆ ಅಂದೆ. ಅಬ್ಬಾಸ್ ನನ್ನ ಮುಖ ನೋಡಿದ. 'ಶೀನಪ್ಪಣ್ಣ, ಇದನ್ನು ನಾನು ಹೇಳುದಿಲ್ಲ' ಅಂದ."

ಹೇಳದಿದ್ದರೂ ಆಕೆಗೆ ತಿಳಿದಿರಬೇಕು. ಮುಂದಿನ ಮಗುವನ್ನು ಹತ್ತಿರ ಕರೆದು ಒರೆಸತೊಡಗಿದರು. ಅಷ್ಟರಲ್ಲಿ ಸಮಯ ಮೀರಿತು. ಅರ್ಧಂಬರ್ಧ ಮಸಿಯ ಮುಖಗಳನ್ನು ವೇದಿಕೆಗೆ ಹತ್ತಿಸುವುದು ಬೇಡವೆಂದು ಶಾಲೆಯವರು ಆ ಭಾಗವನ್ನೇ ಕೈಬಿಟ್ಟರು. ತಿಂಗಳುಗಟ್ಟಲೆ ಕಲಿತ ಹಾಡು ಹಾಡದೆ ಮಕ್ಕಳು ಅಳುತ್ತಾ ಬಸ್ಸು ಹತ್ತಿದವು. ಶೀನಪ್ಪ ಸಾರಿ ಮೇಡಂ ಎಂದರು. ಕಾಲು ತುಳಿದರೂ ಹೇಳುವ ಮಾತದು, ಅದಕ್ಕಿಂತ ದೊಡ್ಡದು ಬರಲಿಲ್ಲ ಎಂದು ಇವತ್ತಿಗೂ ಒದ್ದಾಡುತ್ತಾರೆ. ಅಬ್ಬಾಸ್‌ನ ಹತ್ತಿರ ನಾಲ್ಕು ಮಾತು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಬೇಸಿಗೆ ರಜೆ ಕಳೆದ ಮೇಲೆ ಮಿರ್ದಿಫ್‌ಗೆ ಹೋದರೆ, ಸುಸನ್ ಕೆಲಸ ಬಿಟ್ಟು ತಮ್ಮ ದೇಶಕ್ಕೆ ಮರಳಿದ್ದರು. ಖಲಾಸ್, ಅಲ್ಲಿಗೆ ಮುಗಿಯಿತು.

ಆಮೇಲೆ ಶೀನಪ್ಪ ಯಾವ ಮಗುವಿನ ಮುಖಕ್ಕೂ ಅದರದ್ದಲ್ಲದ ಮೈಬಣ್ಣ ಹಚ್ಚಿಲ್ಲ. ಕೆಲಸ ಕಡಿಮೆಯಾಯಿತು. ಕಮಿಟಿಯವರು, ಶೀನಪ್ಪನಿಗೆ ತಲೆ ಕೆಟ್ಟಿದೆ ಎಂದು ಬೆನ್ನ ಹಿಂದೆ ಆಡಿಕೊಳ್ಳುವುದೂ ಅವರಿಗೆ ಗೊತ್ತು. ನನ್ನನ್ನು ಕೇಳಿದರೆ ಈ ಊರಿನಲ್ಲಿ ತಲೆ ಸರಿಯಿರುವವರ ಪೈಕಿ ಅವರೊಬ್ಬರು. ಆದರೆ ಹೊಗಳಿದರೆ ಅವರು ಮುಖ ಆಚೆ ತಿರುಗಿಸುತ್ತಾರೆ. ಅವರನ್ನು ಕೊರೆಯುತ್ತಿರುವುದು ಮಿರ್ದಿಫ್‌ನ ಮಕ್ಕಳ ಮುಖ ಮಾತ್ರವಲ್ಲ.

"ಅಶ್ಮಿತಾ ನನ್ನ ಹಾಗೆ ಕಪ್ಪು. ಇಲ್ಲಿದ್ದಾಗ ಪ್ರತಿ ವರ್ಷ ಡ್ಯಾನ್ಸ್ ಮಾಡ್ತಿದ್ದಳು. ಬಣ್ಣ ನಾನೇ ಹಚ್ಚುದು. ನನ್ನನ್ನು ಹಿಂದೆ ನಿಲ್ಲಿಸಿದ ಹಾಗೆ ಅವಳನ್ನು ನಿಲ್ಲಿಸಬಾರದು ಅಂತ, ಎಲ್ಲರಿಗಿಂತ ಜಾಸ್ತಿ ಬಿಳಿ ಅವಳಿಗೇ. ಕನ್ನಡಿ ತೋರಿಸಿ, ಈಗ ಚಂದ ಕಾಣ್ತಿ ನೋಡು ಅಂತ ಹೇಳ್ತಿದ್ದೆ. 'ಈಗ' ಚಂದ ಅಂತ ಹೇಳ್ತಿದ್ದೆ."

ಬರುವ ಮೇ ತಿಂಗಳಲ್ಲಿ ಅಶ್ಮಿತಾಳ ಮದುವೆ. ಮದುಮಗಳ ಅಲಂಕಾರ ನಾನೇ ಮಾಡುತ್ತೇನೆ, ನಿನ್ನದೇ ಬಣ್ಣದಲ್ಲಿ ಎಂದು ಶೀನಪ್ಪ ಫೋನಿನಲ್ಲಿ ಕೇಳಿದರು. ಮಗಳು ಸಿಟ್ಟು ಮಾಡಲಿಲ್ಲ. ಮಂಗಳೂರಿನ ಪಾರ್ಲರ್ ಆಗಲೇ ಗೊತ್ತು ಮಾಡಿಯಾಗಿದೆ, ಅವರು ಚೆನ್ನಾಗಿ ಬೆಳ್ಳಗೆ ಮಾಡುತ್ತಾರೆ, ಅದೊಂದು ದಿನ ಬಿಟ್ಟುಬಿಡಿ ಅಪ್ಪ ಎಂದಳು. ಶೀನಪ್ಪ ಬಿಟ್ಟರು. ಒತ್ತಾಯ ಮಾಡಲು ತನಗೇನು ಹಕ್ಕುಂಟು, ಕಲಿಸಿದ್ದು ತಾನೇ ಅಲ್ಲವೇ ಎಂದು ನನ್ನನ್ನು ಕೇಳುತ್ತಾರೆ.

ಹಾಗಾದರೆ ಇನ್ನು ಆಸೆ ಏನು ಎಂದು ಕೇಳುತ್ತೇನೆ. ಕೈಯಲ್ಲಿದ್ದ ಕುಂಚವನ್ನು ಬಟ್ಟೆಗೆ ಒರೆಸಿ ಕೆಳಗಿಡುತ್ತಾರೆ.

"ಮದುವೆಯ ಮರುದಿನ ಬೆಳಿಗ್ಗೆ ಮುಖ ತೊಳೆದು ಬರ್ತಾಳಲ್ಲ, ಆಗ ಒಂದು ಫೋಟೋ ತೆಗೀಲಿಕ್ಕೆ ಬಿಡು ಅಂತ ಕೇಳಿದ್ದೇನೆ. ಒಪ್ಪಿದ್ದಾಳೆ. ಆದ್ರೆ ಯಾರಿಗೂ ತೋರಿಸಬಾರದಂತೆ."