ಅತ್ತೆಯ ಬಳೆಗೆ ಕಟ್ಟಿದ ಕೆಂಪು ಎಳೆ

ಅತ್ತೆಯ ಎಡಗೈಯ ಗಾಜಿನ ಬಳೆಗಳಿಗೆ ಯಾವಾಗಲೂ ಐದಾರು ರೇಷ್ಮೆ ಎಳೆಗಳು ಜೋತಾಡುತ್ತಿದ್ದವು. ಹಳದಿ ಎಂದರೆ ಒಲೆಯ ಮೇಲೆ ಹಾಲಿದೆ, ಹಸಿರೆಂದರೆ ನೀರಿನ ಮೋಟಾರು ಆರಿಸಬೇಕು. ಮರೆಯಬಾರದೆಂದು ತಾನೇ ಕಟ್ಟಿಕೊಳ್ಳುತ್ತಿದ್ದಳು. ಸಂಜೆಯ ಹೊತ್ತಿಗೆ ಎಳೆಗಳು ಉಳಿದಿರುತ್ತಿದ್ದವು, ಯಾತಕ್ಕೆ ಕಟ್ಟಿದ್ದೆಂಬುದು ಹೋಗಿರುತ್ತಿತ್ತು. “ಏನೋ ಮರ್ತಿದೀನಿ ಅನ್ನೋದು ಮಾತ್ರ ಗೊತ್ತಾಗ್ತೈತೆ ಕಣೇ. ಏನು ಅಂತ ಗೊತ್ತಾಗಲ್ಲ,” ಎಂದು ಕೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಅವಳು ಅಪ್ಪನ ತಂಗಿ. ಹೇಳಿದ್ದು ತಲೆಗೆ ಹತ್ತುವುದಿಲ್ಲವೆಂದು ಗಂಡನ ಮನೆಯವರು ವರ್ಷದೊಳಗೇ ವಾಪಸ್ಸು ಬಿಟ್ಟುಹೋಗಿದ್ದರು. ಅಂದಿನಿಂದ ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿಂದಿನ ಶೆಡ್ಡೇ ಅವಳ ಲೋಕ. ಕಿಟಕಿಯಿಲ್ಲದ ಆ ಶೆಡ್ಡಿನಲ್ಲಿ ಎರಡು ವಿದ್ಯುತ್ ಮಗ್ಗಗಳಿದ್ದವು. ನಮ್ಮ ಹಳೇ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆಯೊಂದು ಕಡಿದರೆ ಮಗ್ಗ ತಾನಾಗಿ ನಿಲ್ಲುವುದಿಲ್ಲ. ಯಾರೂ ನೋಡದಿದ್ದರೆ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತಾ ಹೋಗುತ್ತದೆ. ಗಮನ ನಿಲ್ಲದವಳಿಗೆ ದಿನವಿಡೀ ಗಮನವಿಟ್ಟು ಕೂರುವ ಕೆಲಸ. ದೇವರಿಗೂ ಇಷ್ಟು ಕುಚೋದ್ಯ ಇರಬಾರದು.

ಒಮ್ಮೆ ಅವಳ ಕಣ್ಣೆದುರೇ ಇಡೀ ಸೀರೆಗೆ ಗೆರೆ ಬಿತ್ತು. ಅಪ್ಪ ಓಡಿಬಂದು ಸ್ವಿಚ್ ಆರಿಸಿದರು.

“ಕಣ್ಣು ಎಲ್ಲಿಟ್ಟಿದ್ದೆ?”

“ಕಣ್ಣು ಇಲ್ಲೇ ಇತ್ತು ಅಣ್ಣ. ನಾನೇ ಇರ್ಲಿಲ್ಲ.”

ಅದೇ ಅತ್ತೆ, ಮೇಸ್ತ್ರಿಗಳು ಕೈಚೆಲ್ಲಿದ ಮಗ್ಗವನ್ನು ಬೆಳಗಿನಿಂದ ಸಂಜೆಯವರೆಗೆ ಅನ್ನ ನೀರಿಲ್ಲದೆ ಕೂತು ಸರಿಮಾಡಿದ್ದೂ ಉಂಟು. ಅದು ಅವಳಿಗೇ ಮುಳುವಾಯಿತು. “ಬೇಕು ಅಂದ್ರೆ ಬರ್ತೈತೆ ನೋಡು ಗಮನ. ಎಲ್ಲಾ ಕೊಬ್ಬು,” ಎಂದರು ಅಮ್ಮ. ಬೈಸಿಕೊಂಡ ಮೇಲೆ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು, ಒಮ್ಮೊಮ್ಮೆ ವಾರಗಟ್ಟಲೆ. ಆ ದಿನಗಳಲ್ಲಿ ಬಳೆಗೆ ಹೊಸ ಎಳೆ ಕಟ್ಟುತ್ತಲೇ ಇರಲಿಲ್ಲ. ಒಂದು ಕೆಂಪೆಳೆ ಮಾತ್ರ ನಾನು ಐದನೇ ಕ್ಲಾಸಿನಲ್ಲಿದ್ದಾಗಿನಿಂದ ಇತ್ತು. ಬಳೆ ಒಡೆದರೆ ಹೊಸ ಬಳೆಗೆ ಮತ್ತೆ ಕೆಂಪೆಳೆಯೇ. ಯಾತಕ್ಕೆಂದು ಕೇಳಿದರೆ “ಮರ್ತೋಯ್ತು” ಎನ್ನುತ್ತಿದ್ದಳು.

ನಾನೂ ಮರೆಗುಳಿಯೇ. ಪಿಯುಸಿ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯ ಕೊನೆಯ ಪುಟ ತಿರುಗಿಸಿ ನೋಡದೆ ಎದ್ದು ಬಂದು ಫೇಲಾದೆ. ಆಮೇಲೆ ಹಾಸಿಗೆ ಬಿಟ್ಟೇಳಲು ಆಗಲಿಲ್ಲ. ತಲೆ ಬಾಚಿಕೊಳ್ಳುವುದೂ ಬೆಟ್ಟದಷ್ಟು ಕೆಲಸವೆನಿಸುತ್ತಿತ್ತು. ಅಮ್ಮ ಬಾಗಿಲಲ್ಲಿ ನಿಂತು, “ಎಷ್ಟು ಹೇಳಿದ್ರೂ ಅಷ್ಟೇ. ಕೊನೆಗೂ ನಿಮ್ಮತ್ತೆ ಥರಾನೇ ಆಗ್ಬಿಟ್ಟೆ,” ಎಂದರು. ಅತ್ತೆ ಅಲ್ಲೇ ಕಸ ಗುಡಿಸುತ್ತಿದ್ದಳು. ಪೊರಕೆ ನಿಂತಿತು.

ಮರುದಿನ ನನ್ನನ್ನು ಎಬ್ಬಿಸಿ ಬೆಂಗಳೂರಿನ ಬಸ್ಸು ಹತ್ತಿಸಿದಳು. ಬೇಜಾರಿಗೆಂದು ತಾನು ಎಷ್ಟೋ ವರ್ಷದಿಂದ ಮಾತ್ರೆ ತರುತ್ತಿದ್ದ ಆಸ್ಪತ್ರೆಗೆ. ಚೀಟಿಗಳ ಫೈಲು ನನ್ನ ಹತ್ತಿರವಿದೆಯೆಂದು ಅವಳು, ಅವಳ ಹತ್ತಿರವಿದೆಯೆಂದು ನಾನು. ಯಲಹಂಕ ದಾಟಿದ ಮೇಲೆ ಇಬ್ಬರಿಗೂ ಗೊತ್ತಾಯಿತು. ತಿಂಗಳಾದ ಮೇಲೆ ನಾನು ನಕ್ಕಿದ್ದು ಅವತ್ತೇ.

ಹೊಸ ಡಾಕ್ಟರಮ್ಮ ನನ್ನ ಚಿಕ್ಕಂದಿನ ಬಗ್ಗೆ ಒಂದೊಂದೇ ಕೇಳುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರಿಸುತ್ತಿದ್ದಳು. ಸ್ಲೇಟು ಕಳೆದದ್ದು, ಕಿಟಕಿಯಾಚೆ ನೋಡಿ ಪೆಟ್ಟು ತಿಂದದ್ದು. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

“ಅಮ್ಮಾ, ಇದು ಯಾರ ಕಥೆ ಹೇಳ್ತಾ ಇದೀರಾ?”

ನನ್ನ ಕಾಲದಲ್ಲಿ ಸ್ಲೇಟೇ ಇರಲಿಲ್ಲ. ಅತ್ತೆಗೆ ಆಗ ಐವತ್ತೆರಡು. ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಗಮನದ ತೊಂದರೆ, ಅಂದರೆ ಎಡಿಎಚ್‌ಡಿ, ಇದ್ದವರಲ್ಲಿ ಹಲವರಿಗೆ ಈ ಖಿನ್ನತೆಯೂ ಜೊತೆಗೇ ಬರುತ್ತದೆ, ಎರಡನ್ನೂ ನೋಡಬೇಕು ಎಂದರು ಡಾಕ್ಟರು. ಅತ್ತೆಗೆ ಇಷ್ಟು ವರ್ಷ ಬೇಜಾರಿಗಷ್ಟೇ ಮದ್ದು ಕೊಟ್ಟಿದ್ದರು. “ಮೊದಲು ಮರೆವು ಬಂತಾ, ಬೇಜಾರು ಬಂತಾ?” ಎಂದು ಕೇಳಿದರು.

“ಮರ್ತು ಮರ್ತು ಬೈಸ್ಕೊಂಡು ಬೇಜಾರು ಬಂತು. ಬೇಜಾರಾದ್ರೆ ಇನ್ನೂ ಮರೀತೀನಿ. ಆಚೆ ಬರೋಕೆ ಬಾಗ್ಲೇ ಇಲ್ಲ ಡಾಕ್ಟ್ರೇ,” ಎಂದಳು ಅತ್ತೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೆಂಪೆಳೆ ತೋರಿಸಿದಳು. “ಇದು ನಿನ್ನ ಲೆಕ್ಕದ್ದು. ಮಗೂದು ತಪ್ಪಿಲ್ಲ, ಬೈಬೇಡ ಅಂತ ನಿಮ್ಮಮ್ಮಂಗೆ ಹೇಳ್ಬೇಕು ಅಂತ ಕಟ್ಕೊಂಡಿದ್ದೆ.”

“ಮರ್ತೋಯ್ತು ಅಂತಿದ್ದೆ?”

“ಇದೊಂದು ಮರ್ತಿರ್ಲಿಲ್ಲ ಕಣೇ. ನನ್ನ ಮಾತು ಯಾರು ಕೇಳ್ತಾರೆ ಅಂತ ಸುಮ್ನಿದ್ದೆ.”

ಮಾತ್ರೆಗಳಿಂದ ಇಬ್ಬರಿಗೂ ತುಸು ಹಗುರಾಯಿತು. ಕೆಟ್ಟ ದಿನಗಳು ಪೂರ್ತಿ ಹೋಗಲಿಲ್ಲ, ನನಗೆ ಇಂದಿಗೂ ಹೋಗಿಲ್ಲ. ಆದರೆ ನನ್ನ ಕೋಣೆಗೆ ಬಾಗಿಲು ಹುಡುಕಿಕೊಟ್ಟವಳು ಅವಳು. ಅಮ್ಮ ಮಾತ್ರ “ಸೋಮಾರಿತನಕ್ಕೂ ಮಾತ್ರೆ ಬಂತಾ?” ಎನ್ನುತ್ತಲೇ ಇದ್ದರು. ಅವರಿಗೆ ಎದುರು ಹೇಳಲು ಅತ್ತೆಗೂ ಆಗಲಿಲ್ಲ, ನನಗೂ ಆಗಲಿಲ್ಲ.

ಕಳೆದ ವರ್ಷ ಎದೆನೋವು ಬಂದು ಅತ್ತೆ ಹೋದಳು. ಸ್ನಾನ ಮಾಡಿಸುವ ಮೊದಲು ಅಮ್ಮ ಕತ್ತರಿ ಹಿಡಿದು ಬಳೆಯ ಎಳೆಗಳನ್ನು ಒಂದೊಂದಾಗಿ ಕತ್ತರಿಸಿದರು. ಕೆಂಪೆಳೆಯ ಹತ್ತಿರ ಬಂದು, “ಇದ್ಯಾಕೆ ಕಟ್ಕೊಂಡಿದ್ಲೋ, ಪಾಪ,” ಎಂದರು.

“ನಿಂಗೆ ಹೇಳಕ್ಕೆ,” ಎಂದೆ. “ನನ್ನ ತಪ್ಪಿಲ್ಲ ಅಂತ. ಅವಳದ್ದೂ ತಪ್ಪಿರ್ಲಿಲ್ಲಮ್ಮ.”

ಅಮ್ಮ ಕತ್ತರಿಯನ್ನು ಕೆಳಗಿಟ್ಟು, ಅತ್ತೆಯ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, ಆ ಗಂಟನ್ನು ಉಗುರಿನಿಂದ ಬಿಚ್ಚತೊಡಗಿದರು. ಬಿಗಿದ ಗಂಟು, ಬಹಳ ಹೊತ್ತು ಹಿಡಿಯಿತು. ನೀರು ತಂದ ಹೆಂಗಸರು ಕಾಯುತ್ತಾ ನಿಂತಿದ್ದರು.